ಆರೂವರೆಗೆ ಬಾಗಿಲು ತಟ್ಟುವ ಆಶಾರಾಣಿ

2025ರ ಸೆಪ್ಟೆಂಬರ್ 21, ಭಾನುವಾರ, ಬೆಳಿಗ್ಗೆ ಆರು ಗಂಟೆ ಹದಿನೆಂಟು ನಿಮಿಷ. ವರ್ತೂರಿನ ಹಳೇ ಊರಿನ ಇಕ್ಕಟ್ಟು ಬೀದಿಯೊಂದರಲ್ಲಿ ಆಶಾರಾಣಿ ಸ್ಕೂಟರ್ ನಿಲ್ಲಿಸಿ, ಕಾಲ ಹತ್ತಿರ ಇಟ್ಟುಕೊಂಡಿದ್ದ ನೀಲಿ ಐಸ್ ಬಾಕ್ಸನ್ನು ಕೈಗೆತ್ತಿಕೊಳ್ಳುತ್ತಾರೆ. ಕೆರೆಯ ಕಡೆಯ ವಾಸನೆ ಈ ಹೊತ್ತಿಗೆ ತುಸು ಕಡಿಮೆ. ಎದುರಿಗೆ ನಾಲ್ಕು ಅಂತಸ್ತಿನ ಕಟ್ಟಡ. ಮೇಲೆಲ್ಲ ಬಾಡಿಗೆ ಮನೆಗಳು, ನೆಲ ಅಂತಸ್ತಿನಲ್ಲಿ ಮಾಲೀಕ ದೊಡ್ಡಮುನಿಯಪ್ಪನವರ ಸಂಸಾರ. ಬಾಗಿಲ ಪಕ್ಕಕ್ಕೆ ಬಾಳೆ ಎಲೆಯ ಕಟ್ಟು ಒರಗಿಸಿಟ್ಟಿದೆ.

ಭಾನುವಾರ ಆಶಾರಾಣಿಗೆ ರಜೆ. ಇಂದು ಬಂದಿರುವುದು ಈ ಒಂದೇ ಮನೆಗೆ, ಒಂದೇ ಟ್ಯೂಬ್ ರಕ್ತಕ್ಕೆ. ಅಂಗಿಯ ಜೇಬಿನಲ್ಲಿ ನಿನ್ನೆ ಮಧ್ಯಾಹ್ನ ಪ್ರಯೋಗಾಲಯದಿಂದ ತಂದ ಕೆಂಪು ಮುಚ್ಚಳದ ಟ್ಯೂಬುಗಳಿವೆ. ಹೊರಡುವ ಮುಂಚೆ ಅವುಗಳ ಮೇಲಿನ ಬರಹವನ್ನು ಬೆಳಕಿಗೆ ಹಿಡಿದು ಓದಿದ್ದಾರೆ. ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಮತ್ತೊಮ್ಮೆ ಓದಿದ್ದಾರೆ.

ಬಾಗಿಲು ತೆಗೆದವರು ದೊಡ್ಡಮುನಿಯಪ್ಪನವರ ಹೆಂಡತಿ ಮುನಿಯಕ್ಕ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿಗೆ ಟವೆಲ್ ಸುತ್ತಿದ್ದಾರೆ. ಐಸ್ ಬಾಕ್ಸ್ ನೋಡಿದ್ದೇ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

"ಇದೇನಮ್ಮ ಡಬ್ಬ ತಂದ್ಬಿಟ್ಟಿದ್ದೀಯ?"

"ರಾತ್ರಿ ಫೋನಲ್ಲಿ ಹೇಳಿದ್ನಲ್ಲ ಅತ್ತೆ, ಇನ್ನೊಂದು ಸಲ ರಕ್ತ ತಗೋಬೇಕು ಅಂತ."

"ಬೆಳಿಗ್ಗೆ ಬತ್ತೀನಿ ಅಂದೆ. ಬಂದು ಮಾತಾಡ್ತಾಳೇನೋ ಅಂತ ಸುಮ್ಕಿದ್ದೆ. ಮಾಲಯ ಅಮಾಸೆ ಕಣಮ್ಮ ಇವತ್ತು. ಇರೀಕ್ರು ಮನೇಗೆ ಬರೋ ದಿನ. ಇಂಥ ದಿನ ಮನೇಲಿ ಯಾರಾದ್ರೂ ರಕ್ತ ತೆಗೀತಾರಾ?"

ಆಶಾರಾಣಿ ಮೊಬೈಲ್ ನೋಡಿಕೊಳ್ಳುತ್ತಾರೆ. ಹತ್ತು ನಿಮಿಷ ಇದೆ.

ಈ ಹತ್ತು ನಿಮಿಷ ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಆಶಾರಾಣಿಯ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಲವತ್ತೆರಡರ ಅವರು ಹೂಡಿಯ ಒಂದು ಸಣ್ಣ ಪ್ರಯೋಗಾಲಯದ ಪರವಾಗಿ ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆಯುವವರು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಂದ ಹಿಡಿದು ಗುಂಜೂರಿನ ಶೀಟಿನ ಮನೆಗಳವರೆಗೆ ಅವರ ಓಡಾಟ. ಬೆಳಿಗ್ಗೆ ಐದೂವರೆಗೆ ಹೊರಟರೆ ಹತ್ತು ಗಂಟೆಯ ಒಳಗೆ ಹದಿನೈದು ಮನೆ ಮುಗಿಯುತ್ತದೆ. ಹೆಚ್ಚಿನದು ಶುಗರ್, ಥೈರಾಯ್ಡ್, ಜ್ವರ. ಐದು ನಿಮಿಷ ಹಿಂದೆ ಮುಂದೆ ಆದರೂ ನಡೆಯುತ್ತದೆ. ಹೆಸರು ಗೊತ್ತಿಲ್ಲದವರು ಅವರನ್ನು ರಕ್ತದಕ್ಕ ಎಂದು ಕರೆಯುತ್ತಾರೆ. "ಮೊದಮೊದಲು ಬೇಜಾರಾಗ್ತಿತ್ತು. ಈಗ ನಾನೇ ಗೇಟಲ್ಲಿ ಅಂಗೇ ಹೇಳ್ಕೊತೀನಿ, ಬೇಗ ಒಳಗೆ ಬಿಡ್ತಾರೆ" ಎನ್ನುತ್ತಾರೆ.

ಆದರೆ ಕೆಲವೇ ಕೆಲವು ಮನೆಗಳಿಗೆ ಹೊತ್ತು ತಪ್ಪುವಂತಿಲ್ಲ. ಅವು ಲಿಥಿಯಂ ಮಾತ್ರೆ ನುಂಗುವವರ ಮನೆಗಳು. ಬೈಪೋಲಾರ್ ಎಂದು ವೈದ್ಯರು ಕರೆಯುವ ಕಾಯಿಲೆಗೆ ಬಹಳ ಹಿಂದಿನಿಂದ ನಂಬಿಕೊಂಡು ಬಂದಿರುವ ಔಷಧಿ ಇದು. ಈ ಕಾಯಿಲೆಯಲ್ಲಿ ಮನಸ್ಸು ವಾರಗಟ್ಟಲೆ, ತಿಂಗಳುಗಟ್ಟಲೆ ಮೇಲಕ್ಕೇರುತ್ತದೆ. ಆಗ ನಿದ್ದೆ ಬೇಡ, ಊಟ ಬೇಡ, ಮಾತು ನಿಲ್ಲುವುದಿಲ್ಲ, ತನ್ನಿಂದ ಆಗದ ಕೆಲಸವೇ ಇಲ್ಲ ಎನ್ನಿಸುತ್ತದೆ. ಆಮೇಲೆ ಅದೇ ಮನಸ್ಸು ಅಷ್ಟೇ ಆಳಕ್ಕೆ ಇಳಿಯುತ್ತದೆ. ನಡುವೆ ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಲಿಥಿಯಂ ಈ ಏರನ್ನೂ ಇಳಿತವನ್ನೂ ತಗ್ಗಿಸುತ್ತದೆ. ಮೆದುಳಿನಲ್ಲಿ ಅದು ಮಾಡುವ ಕೆಲಸದ ಪೂರ್ತಿ ವಿವರ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಆದರೆ ಎಷ್ಟಿರಬೇಕು ಎನ್ನುವುದು ಗೊತ್ತಿದೆ. ರಕ್ತದಲ್ಲಿ ತೀರಾ ಕಡಿಮೆಯಾದರೆ ಪ್ರಯೋಜನವಿಲ್ಲ, ಸ್ವಲ್ಪ ಹೆಚ್ಚಾದರೆ ಅದೇ ವಿಷ. ಎರಡರ ನಡುವಿನ ಜಾಗ ಬಹಳ ಕಿರಿದು. ಹಾಗಾಗಿ ಕೆಲವು ತಿಂಗಳಿಗೊಮ್ಮೆ ರಕ್ತ ನೋಡಲೇಬೇಕು. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ನೋಡಬೇಕು. ಬೇರೆ ಹೊತ್ತಿನಲ್ಲಿ ತೆಗೆದರೆ ಬರುವ ಸಂಖ್ಯೆಯನ್ನು ಹಿಂದಿನದಕ್ಕೆ ಹೋಲಿಸಲು ಬರುವುದಿಲ್ಲ.

ವರ್ತೂರಿನಲ್ಲಿ ಕ್ಲಿನಿಕ್ ನಡೆಸುವ ಮನೋವೈದ್ಯೆ ಡಾ. ದೀಪಶ್ರೀ ಅವರಿಗೆ ಇದೇ ತಲೆನೋವಾಗಿತ್ತು. ರೋಗಿಗಳು ಪ್ರಯೋಗಾಲಯದ ಬಾಗಿಲು ತೆಗೆಯುವವರೆಗೆ ಕಾಯಲಾರರು. ಶಿಫ್ಟಿಗೆ ಹೋಗಬೇಕು, ಕಂಪನಿ ಬಸ್ ಹಿಡಿಯಬೇಕು. ಪರೀಕ್ಷೆಯನ್ನೇ ಬಿಟ್ಟುಬಿಡುತ್ತಿದ್ದರು. ಯಾರಾದರೂ ಬೆಳಿಗ್ಗೆ ಬೇಗ ಮನೆಗೇ ಹೋಗುವವರು ಬೇಕೆಂದು ಅವರು ಕೇಳಿದಾಗ ಪ್ರಯೋಗಾಲಯದಲ್ಲಿ ಕೈ ಎತ್ತಿದವರು ಆಶಾರಾಣಿ ಒಬ್ಬರೇ. ಧೈರ್ಯದಿಂದಲ್ಲ ಎಂದು ಅವರೇ ನಗುತ್ತಾರೆ. "ಬೇಗ ಹೋದ್ರೆ ಮಗಳು ಸ್ಕೂಲಿಂದ ಬರೋಷ್ಟರಲ್ಲಿ ಮನೇಲಿರಬಹುದು ಅಂತ ಒಪ್ಕೊಂಡೆ. ಮೆಂಟಲ್ ಪೇಷೆಂಟ್ಸ್ ಅಂದಾಗ ಒಳಗೊಳಗೆ ಭಯಾನೇ ಇತ್ತು. ಮೊದಲನೇ ಮನೇಲಿ ಆ ಅಂಕಲ್ಲು ನನಗೇ ನೀರು ತಂದುಕೊಟ್ಟು, ಚುಚ್ಚುವಾಗ ಮುಖ ಆ ಕಡೆ ತಿರುಗಿಸ್ಕೊಂಡ್ರು. ಪಾಪ, ಅವರಿಗೆ ನನಗಿಂತ ಭಯ."

ಈಗ ಹಿಂದಿನ ಸಂಜೆಯೇ ಅವರ ಫೋನ್ ಹೋಗುತ್ತದೆ. ಮಾತ್ರೆ ನುಂಗಿದಿರಾ, ಎಷ್ಟು ಗಂಟೆಗೆ. ಅದಕ್ಕೆ ಸರಿಯಾಗಿ ಮರುದಿನ ಬಾಗಿಲು ತಟ್ಟುತ್ತಾರೆ.

ದೊಡ್ಡಮುನಿಯಪ್ಪ ಆ ಕೆಲವರಲ್ಲಿ ಒಬ್ಬರು. ಐವತ್ತೆಂಟು ವಯಸ್ಸು. ಹಿಂದೆ ಕೆರೆ ಬಯಲಿನಲ್ಲಿ ಭತ್ತ, ಸೊಪ್ಪು ಬೆಳೆಯುತ್ತಿದ್ದವರು, ಈಗ ಬಾಡಿಗೆ ಮನೆಗಳ ಮಾಲೀಕರು. ಆಶಾರಾಣಿಯ ತಂದೆ ಗೋಪಾಲಪ್ಪ ಅದೇ ಬಯಲಿನಲ್ಲಿ ಪಕ್ಕದ ಮಡಿಯಲ್ಲಿ ಸೊಪ್ಪು ಬೆಳೆದವರು. ಆ ಹಳೇ ಸಲಿಗೆಯಿಂದ ಆಶಾರಾಣಿಗೆ ಇವರು ಮಾವ, ಮುನಿಯಕ್ಕ ಅತ್ತೆ. ರಕ್ತಸಂಬಂಧ ಏನೂ ಇಲ್ಲ.

ನಾಲ್ಕು ವರ್ಷದ ಹಿಂದೆ ದೊಡ್ಡಮುನಿಯಪ್ಪನವರ ಮನಸ್ಸು ಮೇಲೇರಿದಾಗ ಅದು ಕಾಯಿಲೆ ಎಂದು ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಯಾವ ಹಬ್ಬವೂ ಇಲ್ಲದ ಒಂದು ವಾರದಲ್ಲಿ ವರ್ತೂರಿನ ಒಂದೊಂದು ಸರ್ಕಲ್ಲಿನಲ್ಲೂ ಅವರ ಆಳೆತ್ತರದ ಫ್ಲೆಕ್ಸ್ ಎದ್ದಿತು. ಬಿಳಿ ಅಂಗಿ, ಕೈ ಮುಗಿದ ಭಂಗಿ, ನಾಡಿನ ಸಮಸ್ತ ಜನತೆಗೆ ಶುಭಾಶಯಗಳು. ಯಾವುದರ ಶುಭಾಶಯ ಎಂದು ಬರೆದಿರಲಿಲ್ಲ. ವಾರ್ಡ್ ಚುನಾವಣೆಗೆ ನಿಲ್ಲುತ್ತಾರೆ ಎಂದು ಜನ ಅರ್ಥ ಮಾಡಿಕೊಂಡರು. ಮನೆ ಮುಂದೆ ಹಾರ ಹಿಡಿದುಕೊಂಡು ಹುಡುಗರು ಸೇರಿದರು. ದೊಡ್ಡಮುನಿಯಪ್ಪ ರಾತ್ರಿಯಿಡೀ ಕೂತು ಯೋಜನೆ ಹೇಳುತ್ತಿದ್ದರೆ ಭಾಷಣದ ಅಭ್ಯಾಸ ಎಂದುಕೊಂಡರು. ಮೂರು ದಿನ ನಿದ್ದೆಯಿಲ್ಲದೆ ಕಣ್ಣು ಕೆಂಪಾದಾಗ ಜನಸೇವೆಯ ದಣಿವು ಎಂದರು. ಜಾಗದ ಬೆಲೆ ಏರಿದ ಊರಿನಲ್ಲಿ ಒಬ್ಬ ಗಂಡಸು ಇದ್ದಕ್ಕಿದ್ದಂತೆ ಜೋರಾಗಿ ಓಡಾಡತೊಡಗಿದರೆ ಕೇಳಬೇಕಾದ ಮೊದಲ ಪ್ರಶ್ನೆ ಪಾರ್ಟಿ ಯಾವುದು ಎನ್ನುವುದೇ.

"ಟಿಕೆಟ್ ಸಿಕ್ತಾ ಅಂತ ನನ್ನ ಕೇಳೋರು. ನಂಗೇನ್ ಗೊತ್ತು? ಊಟ ಮಾಡಲ್ಲ ಮಲಗಲ್ಲ ಅಂತ ನಾನು ಅತ್ತರೆ, ಲೀಡರ್ ಎಂಡ್ತಿ ಇಂಗೆಲ್ಲ ಅಳಬಾರ್ದಕ್ಕ ಅನ್ನೋರು" ಎಂದು ಮುನಿಯಕ್ಕ ನೆನೆಯುತ್ತಾರೆ. ಒಂದು ಬೆಳಿಗ್ಗೆ ದೊಡ್ಡಮುನಿಯಪ್ಪ ಕೆರೆಯನ್ನು ತಾನೊಬ್ಬನೇ ಚೊಕ್ಕಟ ಮಾಡುತ್ತೇನೆಂದು ಕೊಳಚೆ ನೀರಿನ ನೊರೆಯೊಳಗೆ ಇಳಿದು ಎದೆಮಟ್ಟಕ್ಕೆ ಹೋದಾಗಲೇ ಹಾರ ತಂದವರು ಹಿಂದೆ ಸರಿದದ್ದು. ಆಸ್ಪತ್ರೆಯಲ್ಲಿ ಕೈಕಾಲು ಹಿಡಿದು ಚುಚ್ಚಿದರು. ನರ ಸಿಗದೆ ಮತ್ತೆ ಮತ್ತೆ ಚುಚ್ಚಿದರು. ಮನೆಗೆ ಬಂದ ಮೇಲೆ ಇಡೀ ಆಷಾಢ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಲಿಥಿಯಂ ಶುರುವಾಯಿತು. ನಿಧಾನಕ್ಕೆ ಎದ್ದು ಕೂತರು, ಕಾಫಿ ಕೇಳಿದರು, ಬಾಡಿಗೆದಾರರ ಮೇಲೆ ನೀರಿನ ವಿಷಯಕ್ಕೆ ಮೊದಲಿನಂತೆ ಗೊಣಗತೊಡಗಿದರು. ಆ ಗೊಣಗಾಟ ಕೇಳಿ ಮುನಿಯಕ್ಕ ಅಡುಗೆಮನೆಯಲ್ಲಿ ಕೂತು ಅತ್ತರಂತೆ. ಅದು ನೆಮ್ಮದಿಯ ಅಳು.

ಆಶಾರಾಣಿ ಮೊದಲ ಸಲ ರಕ್ತಕ್ಕೆ ಹೋದಾಗ ದೊಡ್ಡಮುನಿಯಪ್ಪ ಇಟ್ಟ ಕರಾರು ಒಂದೇ. ಒಂದು ಸಲ ಚುಚ್ಚು. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಎದ್ದು ಹೋಗು. ಆಶಾರಾಣಿ ಒಪ್ಪಿದರು. ಅಂದಿನಿಂದ ಈ ಮನೆಯಲ್ಲಿ ಒಂದು ದಿನವೂ ಎರಡನೇ ಸಲ ಚುಚ್ಚಿರಲಿಲ್ಲ. ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ಒಳಕೋಣೆಯಲ್ಲಿ ಎರಡು ನಿಮಿಷದ ಕೆಲಸ. ಬಾಡಿಗೆದಾರರು ಕೇಳಿದರೆ ಶುಗರ್ ಟೆಸ್ಟ್ ಎಂದು ಹೇಳುವುದು ಮನೆಯವರ ರೂಢಿ.

ಎಡವಟ್ಟಾದದ್ದು ನಿನ್ನೆ, ಶನಿವಾರ. ರಕ್ತ ತೆಗೆಯುವ ಟ್ಯೂಬುಗಳ ಒಳಗೆ ಗಾಳಿ ಇರುವುದಿಲ್ಲ. ಸೂಜಿ ನರದಲ್ಲಿರುವಾಗ ಅದರ ಹಿಂಬದಿಗೆ ಟ್ಯೂಬ್ ಒತ್ತಿದರೆ ರಕ್ತವನ್ನು ಅದೇ ಎಳೆದುಕೊಳ್ಳುತ್ತದೆ. ನಿನ್ನೆ ಕೆಂಪು ಮುಚ್ಚಳದ್ದು ಎಳೆಯಲಿಲ್ಲ. ಒಳಗೆ ಹೇಗೋ ಗಾಳಿ ಸೇರಿತ್ತು. ಹಿಂದಿನ ದಿನ ಒಂದು ಕಾರ್ಖಾನೆಯ ಆರೋಗ್ಯ ತಪಾಸಣೆಗೆ ಕೆಂಪು ಟ್ಯೂಬೆಲ್ಲ ಖರ್ಚಾಗಿ, ಆಶಾರಾಣಿಯ ಬಳಿ ಇದ್ದದ್ದು ಅದೊಂದೇ. ಸೂಜಿ ಆಗಲೇ ಕೈಯೊಳಗಿದೆ. ಹೊರಗೆ ತೆಗೆದರೆ ಇನ್ನೊಮ್ಮೆ ಚುಚ್ಚಬೇಕು, ಕರಾರು ಮುರಿಯುತ್ತದೆ. ಅವರು ಡಬ್ಬಿಯಲ್ಲಿದ್ದ ಹಸಿರು ಮುಚ್ಚಳದ ಟ್ಯೂಬ್ ಹಚ್ಚಿದರು. ಹಿಂದೆಯೂ ಒಂದೆರಡು ಸಲ ಹಾಗೆ ಮಾಡಿದ್ದುಂಟು, ಪ್ರಯೋಗಾಲಯದವರು ಬೇಡ ಎಂದಿರಲಿಲ್ಲ. ಹಸಿರು ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ವಸ್ತುವನ್ನು ಲವಣದ ರೂಪದಲ್ಲಿ ಲೇಪಿಸಿರುತ್ತಾರೆ. ಮೊದಲು ಬರುತ್ತಿದ್ದದ್ದು ಸೋಡಿಯಂ ಹೆಪಾರಿನ್. ಈ ತಿಂಗಳು ಬಂದ ಹೊಸ ಡಬ್ಬಿಯದು ಲಿಥಿಯಂ ಹೆಪಾರಿನ್. ಎರಡಕ್ಕೂ ಮುಚ್ಚಳದ ಬಣ್ಣ ಒಂದೇ, ಅಕ್ಷರ ಸಾಸಿವೆ ಕಾಳಿನಷ್ಟು.

ಲಿಥಿಯಂ ಎಷ್ಟಿದೆ ಎಂದು ಅಳೆಯಬೇಕಾದ ರಕ್ತ ಲಿಥಿಯಂ ಸವರಿದ ಟ್ಯೂಬಿಗೆ ಬಿತ್ತು. ರಾತ್ರಿ ಎಂಟರ ಹೊತ್ತಿಗೆ ವರದಿ ಮನೆಯವರ ಮೊಬೈಲಿಗೆ ಬಂತು. 2.4. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಅಪಾಯದ ಸೂಚನೆ. ಡಾ. ದೀಪಶ್ರೀ ಅವರ ರೋಗಿಗಳಿಗೆ ಗುರಿ ಇಟ್ಟುಕೊಳ್ಳುವುದು 0.6ರಿಂದ 0.8.

ಸೊಸೆ ಲಾವಣ್ಯ ಅದನ್ನು ಓದಿದ್ದೇ ತಡ ವೈದ್ಯೆಗೆ ಕರೆ ಮಾಡಿದರು. ವೈದ್ಯೆ ವಿಡಿಯೋದಲ್ಲಿ ದೊಡ್ಡಮುನಿಯಪ್ಪನವರಿಗೆ ಎರಡೂ ಕೈ ಚಾಚಿಸಿದರು, ನೆಲದ ಟೈಲ್ಸ್ ಗೆರೆಯ ಮೇಲೆ ನಡೆಸಿದರು. ನಡುಕವಿಲ್ಲ, ವಾಂತಿಯಿಲ್ಲ, ತೊದಲಿಲ್ಲ. ಆಮೇಲೆ ಆಶಾರಾಣಿಗೆ ಕರೆ ಬಂತು.

"ಯಾವ ಟ್ಯೂಬಲ್ಲಿ ತಗೊಂಡ್ರಿ ಆಶಾ?"

"ಹಸಿರು ಮೇಡಂ. ಕೆಂಪು ಎಳೀಲಿಲ್ಲ."

"ಆ ಡಬ್ಬಿ ನಿಮ್ಹತ್ರ ಇದ್ಯಾ? ಏನ್ ಬರೆದಿದೆ ಓದಿ."

"ಓದ್ದೆ. ಮೊದಲನೇ ಪದಾನೇ ಲಿಥಿಯಂ. ಅಡುಗೆಮನೆ ಲೈಟಿನ ಕೆಳಗೆ ಹಿಡ್ಕೊಂಡು ಇನ್ನೊಂದು ಸಲ ಓದ್ದೆ" ಎಂದು ಆಶಾರಾಣಿ ಈಗ ನೆನೆಯುತ್ತಾರೆ.

ವೈದ್ಯೆ ಬೈಯಲಿಲ್ಲ. ಟ್ಯೂಬಿನದೇ ತಪ್ಪಿರಬಹುದು, ಹಾಗೆಂದು ಬಿಟ್ಟುಬಿಡಲು ಬರುವುದಿಲ್ಲ ಎಂದರು. ಅದಕ್ಕೆ ಕಾರಣವಿತ್ತು. ದೊಡ್ಡಮುನಿಯಪ್ಪ ಮೊಣಕಾಲು ನೋವಿಗೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ಮೂರು ದಿನದಿಂದ ನುಂಗುತ್ತಿದ್ದರು. ದೇಹದಿಂದ ಲಿಥಿಯಂ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲೇ. ಮೂತ್ರಪಿಂಡ ಅದನ್ನು ಉಪ್ಪಿನಂತೆಯೇ ನೋಡುತ್ತದೆ. ಬೆವರಿ ಬಳಲಿದಾಗ, ಊಟದಲ್ಲಿ ಉಪ್ಪು ಬಿಟ್ಟಾಗ, ಕೆಲವು ನೋವಿನ ಮಾತ್ರೆ ನುಂಗಿದಾಗ ಅದು ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಆ 2.4ರಲ್ಲಿ ಟ್ಯೂಬಿನದು ಎಷ್ಟು, ಮನುಷ್ಯನದು ಎಷ್ಟು ಎಂದು ಯಾರೂ ಹೇಳುವಂತಿರಲಿಲ್ಲ. ನೋವಿನ ಮಾತ್ರೆ ನಿಲ್ಲಿಸಿ, ರಾತ್ರಿ ಕೈ ನಡುಗಿದರೆ ಅಥವಾ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲದಿದ್ದರೆ ಬೆಳಗಿನ ಮಾತ್ರೆಗೆ ಮುಂಚೆ ಮತ್ತೊಮ್ಮೆ ರಕ್ತ ತೆಗೆಸಿ ಎಂದರು. ಶನಿವಾರ ಸಂಜೆಯ ಮಾತ್ರೆ ಆಗಲೇ ಆರೂವರೆಗೆ ಒಳಗೆ ಹೋಗಿತ್ತು. ಅಂದರೆ ಭಾನುವಾರ ಬೆಳಿಗ್ಗೆ ಆರೂವರೆ.

ರಾತ್ರಿ ಏನೂ ಆಗಲಿಲ್ಲ. ಆದರೆ ಆಶಾರಾಣಿಯನ್ನು ಕೊರೆಯುತ್ತಿದ್ದದ್ದು ಬೇರೆಯೇ ಒಂದು ಮಾತು. ರಾತ್ರಿ ಆ ಮನೆಗೆ ಫೋನ್ ಮಾಡಿದಾಗ ಲಾವಣ್ಯ ಅವರ ಹಿಂದೆ ದೊಡ್ಡಮುನಿಯಪ್ಪ ಹೇಳುತ್ತಿದ್ದದ್ದು ಅವರಿಗೆ ಕೇಳಿಸಿತ್ತು. "ಮಾತ್ರೆ ವಿಷ ಅಂತ ಅವ್ರೇ ಬರ್ದು ಕಳ್ಸವ್ರೆ. ಸಾಕು ಬಿಡ್ರಿ. ಇನ್ಮೇಲೆ ನುಂಗಕಿಲ್ಲ."

ಲಿಥಿಯಂ ಬಿಟ್ಟವರ ಮನೆಗಳನ್ನು ಆಶಾರಾಣಿ ನೋಡಿದ್ದಾರೆ. ಮೊದಲ ತಿಂಗಳು ಏನೂ ಆಗುವುದಿಲ್ಲ. ಚೆನ್ನಾಗಿದ್ದೀನಲ್ಲ ಎನ್ನುತ್ತಾರೆ. ಆಮೇಲೊಂದು ದಿನ ನಿದ್ದೆ ಹೋಗುತ್ತದೆ.

ಹೊಸಿಲ ಬಳಿ ಆರು ಇಪ್ಪತ್ತೈದು.

"ಅತ್ತೆ, ನಾಳೆ ಬಂದ್ರೆ ಆಗಲ್ವ ಅಂತ ನಾನೂ ಕೇಳ್ದೆ. ಮೇಡಂ ಒಪ್ಪಲಿಲ್ಲ. ರಿಪೋರ್ಟು ಸರಿಯಾಗಿ ಬರೋ ತನಕ ಮಾತ್ರೆ ಕೊಡೋಕಾಗಲ್ಲ. ನಿಲ್ಸಿದ್ರೆ ಒಂದು ಕಷ್ಟ, ಕೊಟ್ರೆ ಇನ್ನೊಂದು ಕಷ್ಟ."

ಮುನಿಯಕ್ಕ ಬಾಗಿಲ ಚೌಕಟ್ಟಿನಿಂದ ಕೈ ತೆಗೆಯುವುದಿಲ್ಲ. ಒಳಗಿನಿಂದ ದೊಡ್ಡಮುನಿಯಪ್ಪ ಬಂದು ಹಿಂದೆ ನಿಲ್ಲುತ್ತಾರೆ. ಪಂಚೆ, ಬನಿಯನ್, ಹೆಗಲಿಗೆ ಟವೆಲ್. ಕೈಯಲ್ಲಿ ಕಾಫಿ ಲೋಟ. ಆಶಾರಾಣಿಯ ಕಣ್ಣು ಮೊದಲು ಆ ಲೋಟದ ಮೇಲೆ ಹೋಗುತ್ತದೆ. ಕಾಫಿ ತುಳುಕುತ್ತಿಲ್ಲ.

"ಏನಮ್ಮ ಸೊಪ್ಪಿನ ಗೋಪಾಲಪ್ಪನ ಮಗಳೇ, ಒಂದೇ ಸಲ ಅಂದಿದ್ದಲ್ವಾ ನೀನು?"

"ಅಂದಿದ್ದೆ ಮಾವ. ನಿನ್ನೆದು ನನ್ನ ತಪ್ಪು. ಕೆಂಪು ಟ್ಯೂಬು ಎಳೀಲಿಲ್ಲ. ಇನ್ನೊಂದು ಸಲ ಚುಚ್ಚಬಾರದು ಅಂತ ಕೈಗೆ ಸಿಕ್ಕಿದ್ದು ಹಾಕ್ಬಿಟ್ಟೆ. ಆ ಟ್ಯೂಬಲ್ಲೇ ಲಿಥಿಯಂ ಇತ್ತು. ಅದೂ ಲೆಕ್ಕಕ್ಕೆ ಸೇರ್ಕೊಂಡಿದೆ."

ದೊಡ್ಡಮುನಿಯಪ್ಪ ಒಂದು ಗುಟುಕು ಕುಡಿದು ಯೋಚಿಸುತ್ತಾರೆ. "ಅಂದ್ರೆ, ಪಾತ್ರೇಲಿ ಮೊದ್ಲೇ ಉಪ್ಪಿತ್ತು, ಸಾರು ಉಪ್ಪಾಯ್ತು ಅಂದ್ಬಿಟ್ರಿ."

"ಅಂಗೇ ಮಾವ."

"ಒಂದು ಚುಚ್ಚು ಉಳ್ಸಕ್ಕೋಗಿ ಎರಡು ಮಾಡ್ಕೊಂಡೆ." ಅವರು ನಗುತ್ತಿಲ್ಲ, ಸಿಟ್ಟೂ ಇಲ್ಲ. "ಅಲ್ಲ, ಈ ಸಲಾನೂ ಅಂಗೇ ಬಂದ್ರೆ?"

"ಅಂಗೇ ಬಂದ್ರೆ ನಿಜವಾಗ್ಲೂ ಜಾಸ್ತಿ ಇದೆ ಅಂತ. ಮೇಡಂ ಆಸ್ಪತ್ರೆಗೆ ಸೇರಿಸ್ತಾರೆ, ಮಾತ್ರೆ ಬದಲಾಯಿಸ್ತಾರೆ. ಸರಿಯಾಗಿ ಬಂದ್ರೆ ನೀವು ನುಂಗಬೇಕು ಮಾವ. ಅದು ಮಾತ್ರ ಈಗಲೇ ಹೇಳಿ."

ಉತ್ತರ ಬರುವ ಮುಂಚೆ ಮುನಿಯಕ್ಕ ಒಳಗೆ ಹೋಗುತ್ತಾರೆ. ಏನೋ ಎಳೆದ ಸದ್ದು. ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಹೊಸಿಲು ದಾಟಿಸಿ, ಗೇಟನ್ನೂ ದಾಟಿಸಿ, ಬೀದಿಯಲ್ಲಿ ಆಶಾರಾಣಿಯ ಸ್ಕೂಟರಿನ ಪಕ್ಕ ಇಡುತ್ತಾರೆ.

"ಮನೇಲಿ ತಾನೇ ತೆಗೀಬಾರ್ದು. ಇಲ್ಲಿ ಕೂತ್ಕೊಳ್ಳಿ. ಆಮೇಲೆ ನೀರ್ ಉಯ್ಕೊಂಡೇ ಒಳಕ್ಕೆ ಬರ್ಬೇಕು."

"ಬೀದಿನಾಗಾ? ಎಲ್ಲಾರೂ ನೋಡ್ತಾರೆ ಕಣೇ."

"ಫ್ಲೆಕ್ಸಲ್ಲಿ ನೋಡವ್ರಲ್ಲ, ಇಲ್ಲೂ ನೋಡ್ಲಿ ಬಿಡಿ."

ದೊಡ್ಡಮುನಿಯಪ್ಪ ಹೆಂಡತಿಯ ಮುಖವನ್ನೇ ನೋಡುತ್ತಾರೆ. ಆ ಫ್ಲೆಕ್ಸುಗಳ ಮಾತನ್ನು ಈ ನಾಲ್ಕು ವರ್ಷದಲ್ಲಿ ಅವರ ಎದುರಿಗೆ ಯಾರೂ ಎತ್ತಿರಲಿಲ್ಲ. ಆಮೇಲೆ ಕಾಫಿ ಲೋಟವನ್ನು ಅವರ ಕೈಗೆ ಕೊಟ್ಟು, ಹೊರಗೆ ಬಂದು ಕುರ್ಚಿಯಲ್ಲಿ ಕೂತು, ಎಡಗೈಯನ್ನು ಸ್ಕೂಟರಿನ ಸೀಟಿನ ಮೇಲೆ ಚಾಚುತ್ತಾರೆ.

ಆಶಾರಾಣಿ ರಬ್ಬರ್ ಪಟ್ಟಿ ಕಟ್ಟಿ, ಬೆರಳಿನಲ್ಲಿ ನರ ಹುಡುಕುತ್ತಾರೆ. ಮೊಬೈಲಿನಲ್ಲಿ ಆರೂವರೆ. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಒಬ್ಬ ಬಾಡಿಗೆದಾರ ಇಣುಕುತ್ತಾನೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ, ಬಾಯಲ್ಲಿ ಹಲ್ಲುಜ್ಜುವ ಬ್ರಷ್.

"ಏನಂಕಲ್, ಶುಗರ್ರಾ?"

ಮುನಿಯಕ್ಕ ಹೌದೆನ್ನಲು ಬಾಯಿ ತೆರೆಯುತ್ತಾರೆ. ದೊಡ್ಡಮುನಿಯಪ್ಪ ಕೈ ಅಲುಗಿಸದೆ ಕತ್ತು ಮಾತ್ರ ಮೇಲೆತ್ತುತ್ತಾರೆ.

"ಶುಗರ್ ಅಲ್ಲ ಕಣಪ್ಪ. ಮನಸ್ಸು ಒಂದೊಂದ್ ಸಲ ಮೇಲಕ್ಕೋಯ್ತದೆ, ಒಂದೊಂದ್ ಸಲ ಕೆಳಕ್ಕೋಯ್ತದೆ. ಅದಕ್ಕೆ ಮಾತ್ರೆ ತಗೋತೀನಿ. ಅದು ಸರ್ಯಾಗೈತಾ ಅಂತ ನೋಡ್ತಾವ್ರೆ."

ಬಾಲ್ಕನಿಯಲ್ಲಿ ಒಂದು ಕ್ಷಣ ಬ್ರಷ್ ನಿಲ್ಲುತ್ತದೆ.

"ಓ. ಸರಿ ಅಂಕಲ್. ಮುಗಿದ್ಮೇಲೆ ಮೋಟ್ರು ಆನ್ ಮಾಡ್ಸಿ, ಮೇಲೆ ನೀರು ಬರ್ತಿಲ್ಲ."

"ನಿನ್ನೆ ರಾತ್ರಿ ತಾನೇ ತುಂಬಿಸ್ದೆ, ಏನ್ ಮಾಡ್ತೀರಪ್ಪ ಅಷ್ಟು ನೀರು?" ಎಂದು ದೊಡ್ಡಮುನಿಯಪ್ಪ ಗೊಣಗುವಷ್ಟರಲ್ಲಿ ಕೆಂಪು ಮುಚ್ಚಳದ ಟ್ಯೂಬ್ ತುಂಬಿದೆ. ಸೂಜಿ ಹೊರಬಂದಿದೆ. ಅವರಿಗೆ ಗೊತ್ತೇ ಆಗಿಲ್ಲ.

ಒಂದೇ ಸಲ.

ಹೂಡಿಯ ಕಡೆ ಹೋಗುವ ರಸ್ತೆ ಭಾನುವಾರ ಖಾಲಿ. ಉಳಿದ ದಿನ ಇದೇ ದಾರಿಗೆ ಎರಡು ಪಟ್ಟು ಹೊತ್ತು ಬೇಕು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಸಿ, ಫೋಟೊ ತೆಗೆಸಿಕೊಂಡು, ಮೇಲಿನವರು ಒಪ್ಪಿಗೆ ಕೊಡುವವರೆಗೆ ನಿಂತು, ಕಸದ ಡಬ್ಬಿಗಳ ಜೊತೆ ಸರ್ವಿಸ್ ಲಿಫ್ಟಿನಲ್ಲಿ ಹೋಗಬೇಕು. ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ನೀರು ಕುಡಿಯದೆ ಇರುವುದನ್ನು ಅವರು ರೂಢಿ ಮಾಡಿಕೊಂಡಿದ್ದಾರೆ, ಏಕೆಂದರೆ ಶೌಚಾಲಯಕ್ಕೆ ಹೋಗಲೇ ಎಂದು ಕೇಳುವಂಥ ಮನೆಗಳಿಲ್ಲ. ಲಿಥಿಯಂ ನುಂಗುವವರಿಗೆ ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳಿ ಬರುವಾಗ ತಮಗೇ ನಗು ಬರುತ್ತದೆ ಎನ್ನುತ್ತಾರೆ.

ಸೊಪ್ಪಿನ ಮಡಿ ಹೋದ ಮೇಲೆ ಗೋಪಾಲಪ್ಪ ಕೆಲವು ವರ್ಷ ಟೆಕ್ ಪಾರ್ಕೊಂದರ ತೋಟದ ಕೆಲಸಕ್ಕಿದ್ದರು. ಮಗಳು ಪಿಯುಸಿ ವಿಜ್ಞಾನ ಮುಗಿಸಿ ಆನೇಕಲ್ಲಿಗೆ ಎರಡು ಬಸ್ ಬದಲಿಸಿ ಹೋಗಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದರು. ಮದುವೆ, ಮಗು, ನಡುವೆ ಆರು ವರ್ಷ ಮನೆ. ಗಂಡ ಮುನಿರಾಜು ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವವರು. ಊರಿನ ಈ ತುದಿಯಿಂದ ಆ ತುದಿಗೆ ಓಡಾಡಿ ವಾರದಲ್ಲಿ ಮೂರು ರಾತ್ರಿ ಅಲ್ಲೇ ಅಣ್ಣನ ಮನೆಯಲ್ಲಿ ಉಳಿಯುತ್ತಾರೆ. ನಿನ್ನೆ ರಾತ್ರಿಯ ಸುದ್ದಿ ಕೇಳಿ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ ಅಂತೆ: "ನಮ್ ಮಿಷಿನ್ನಲ್ಲಿ ತಪ್ಪಾದ್ರೆ ಪೀಸ್ ಎಸೀತೀವಿ. ನಿಂದು ಎಸೆಯೋಂಗಿಲ್ಲ. ಹೋಗಿ ಸರಿ ಮಾಡ್ಕೊಂಡು ಬಾ."

ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರು ಪ್ರಯೋಗಾಲಯದ ಕೋಟು ಹಾಕದೆ ಹೋಗುವ ಮನೆಯೊಂದಿದೆ. ಆಕೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಅತ್ತೆ ಮಾವನಿಗೆ ಕಾಯಿಲೆಯ ವಿಷಯ ಗೊತ್ತಿಲ್ಲ. ಆಶಾರಾಣಿ ಐಸ್ ಬಾಕ್ಸನ್ನು ಸ್ಕೂಟರಿನಲ್ಲೇ ಬಿಟ್ಟು, ಒಂದು ಮೊಳ ಮಲ್ಲಿಗೆ ಕೊಂಡು, ಚೀಲದಲ್ಲಿ ಹೂವಿನ ಕೆಳಗೆ ಸೂಜಿ, ಟ್ಯೂಬ್ ಇಟ್ಟುಕೊಂಡು ಹೋಗುತ್ತಾರೆ. ಹೂವಿನವಳು ಬಂದಳು ಎಂದುಕೊಂಡು ಆ ಅತ್ತೆ ಒಂದು ದಿನ ಚೌಕಾಸಿ ಮಾಡಿದರಂತೆ. "ನಾನೂ ಬಿಡಲಿಲ್ಲ, ಎರಡು ರೂಪಾಯಿ ಮಾತ್ರ ಕಮ್ಮಿ ಮಾಡ್ದೆ. ಜಾಸ್ತಿ ಇಳಿಸಿದ್ರೆ ಅನುಮಾನ ಬರುತ್ತೆ" ಎಂದು ನಗುತ್ತಾರೆ.

ಹೂಡಿಯ ಪ್ರಯೋಗಾಲಯದಲ್ಲಿ ರಕ್ತ ಒಪ್ಪಿಸಿದ ಮೇಲೆ ಅವರು ಮೊದಲು ಮಾಡುವುದು ಹಸಿರು ಟ್ಯೂಬಿನ ಡಬ್ಬಿಗಳ ಕೆಲಸ. ರಾತ್ರಿಯೇ ಮೇಲ್ವಿಚಾರಕರಿಗೆ ಫೋನಿನಲ್ಲಿ ಎಲ್ಲ ಹೇಳಿ ಬೈಸಿಕೊಂಡಾಗಿದೆ. ಈಗ ಹೊಸ ಡಬ್ಬಿಗಳನ್ನೆಲ್ಲ ಬೇರೆ ಕಪಾಟಿಗೆ ಸಾಗಿಸಿ, ಒಂದೊಂದರ ಮೇಲೂ ಅಗಲ ಟೇಪ್ ಅಂಟಿಸಿ, ಲಿಥಿಯಂ ಟೆಸ್ಟಿಗೆ ಬೇಡ ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಪಕ್ಕದಲ್ಲಿ ಯಂತ್ರ ತಿರುಗುತ್ತಿದೆ. ಮೊದಲು ಗೊತ್ತಿರುವ ಪ್ರಮಾಣದ ದ್ರಾವಣ ಹಾಕಿ ಯಂತ್ರ ಸರಿಯಿದೆಯೇ ಎಂದು ನೋಡುತ್ತಾರೆ, ಆಮೇಲೆ ರಕ್ತ. ಜೊತೆಗೆ ಮೂತ್ರಪಿಂಡದ ಪರೀಕ್ಷೆಯೂ ಇದೆ.

ಕಾಯುವಾಗ ಅವರನ್ನು ಏನಾಸೆ ಎಂದು ಕೇಳಿದರೆ, ಟೇಪಿನ ತುದಿಯನ್ನು ಹಲ್ಲಿನಲ್ಲಿ ಹರಿದು ಡಬ್ಬಿಗೆ ಅಂಟಿಸುತ್ತಾರೆ. "ದೊಡ್ಡದೇನಿಲ್ಲ. ಶುಗರಿಗೆ ಹೆಂಗೆ ಹಾಲಲ್ಲೇ ಕೂತು, ಟಿ.ವಿ. ನೋಡ್ತಾ ಕೈ ಕೊಡ್ತಾರೆ, ಹಂಗೆ ಇದಕ್ಕೂ ಕೊಡಬೇಕು. ಪರದೆ ಎಳೀಬಾರದು. ಇವತ್ತು ಬೀದೀಲಿ ಕೂತ್ರಲ್ಲ ಮಾವ, ನಂಗೆ ಅಷ್ಟೇ ಸಾಕಾಯ್ತು. ಮಲ್ಲಿಗೆ ತಗೊಂಡು ಹೋಗೋ ಮನೇಲಿ ಯಾವಾಗ್ ಆಗುತ್ತೋ ನೋಡ್ಬೇಕು."

ಹತ್ತು ಗಂಟೆಗೆ ಸ್ವಲ್ಪ ಮುಂಚೆ ಯಂತ್ರದ ಪರದೆಯ ಮೇಲೆ ಸಂಖ್ಯೆ ಮೂಡುತ್ತದೆ. ಮೇಲ್ವಿಚಾರಕರು ನೋಡಿ ತಲೆಯಾಡಿಸಿ, ವೈದ್ಯೆಗೆ ಕಳಿಸುತ್ತಾರೆ. ಆಶಾರಾಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಾಟಲಿ ತೆಗೆದು, ಬೆಳಗಿನಿಂದ ಮೊದಲ ಸಲ ನೀರು ಕುಡಿಯುತ್ತಾರೆ. ಅರ್ಧ ಬಾಟಲಿ ಒಂದೇ ಉಸಿರಿಗೆ. ವೈದ್ಯೆಯ ಉತ್ತರ ಬಂದ ಮೇಲೆ ವರ್ತೂರಿಗೆ ಫೋನ್ ಮಾಡುತ್ತಾರೆ. ಅತ್ತ ಕಡೆ ಒಗ್ಗರಣೆಯ ಸದ್ದು, ಲಾವಣ್ಯ ಯಾರಿಗೋ ಕೊಬ್ಬರಿ ತುರಿ ಎನ್ನುವ ಸದ್ದು. ಫೋನ್ ಎತ್ತಿದವರು ದೊಡ್ಡಮುನಿಯಪ್ಪನವರೇ.

"ಟ್ಯೂಬಿಂದೇ ತಪ್ಪು ಮಾವ. ನಿಮ್ಮದು ಸರಿಯಾಗಿದೆ. ಕಿಡ್ನಿನೂ ಸರಿಯಾಗಿದೆ. ಆ ಮೊಣಕಾಲಿನ ಮಾತ್ರೆ ಮಾತ್ರ ಇನ್ಮೇಲೆ ಮುಟ್ಟಬೇಡಿ, ನೋವಿದ್ರೆ ಮೇಡಮ್ಮನ್ನ ಕೇಳಬೇಕಂತೆ."

ಮಾತ್ರೆ ನುಂಗುತ್ತೀರಾ ಎಂದು ಬೆಳಿಗ್ಗೆ ಹೊಸಿಲಲ್ಲಿ ಕೇಳಿದ ಪ್ರಶ್ನೆಗೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಆಶಾರಾಣಿ ಅದನ್ನು ಮತ್ತೆ ಕೇಳುವುದಿಲ್ಲ.

"ಅಂಗಾರೆ ಬೆಳಗಿಂದು ಈಗ್ಲೇ, ಸಂಜೇದು ಆರೂವರೆಗೆ ನುಂಗ್ಬೇಕು ಅನ್ನು" ಎನ್ನುತ್ತಾರೆ ದೊಡ್ಡಮುನಿಯಪ್ಪ. "ಎಡೆ ಇಕ್ಕೋದು ಏಳಕ್ಕೆ. ಅದಕ್ಮುಂಚೆ ಮುಗ್ಸಿಬಿಡ್ತೀನಿ. ನೀನೂ ಬಂದ್ಬಿಡಮ್ಮ ಊಟಕ್ಕೆ. ಡಬ್ಬ ತರಬ್ಯಾಡ." ಆಮೇಲೆ ನೆನಪಾದಂತೆ ಕೇಳುತ್ತಾರೆ, "ಎಷ್ಟೈತೆ ಅಂದೆ?"

ಆಶಾರಾಣಿ ಪರದೆಯ ಕಡೆ ತಿರುಗಿ, ಗೊತ್ತಿದ್ದರೂ ಮತ್ತೊಮ್ಮೆ ನೋಡಿ, ನಿಧಾನವಾಗಿ ಓದಿ ಹೇಳುತ್ತಾರೆ. ಲಿಥಿಯಂ, ಲೀಟರಿಗೆ 0.7 ಮಿಲಿಮೋಲ್.